ಅಕ್ಕಂದಿರು ನಡೆಯಲು ಯಾರ ಅಪ್ಪಣೆ ಬೇಕು?



ನಮ್ಮ ಊರುಗಳಲ್ಲಿ ಎಲ್ಲೂ ಬರೆದಿಡದ ಕಾನೂನೊಂದಿದೆ. ಬೆಳಿಗ್ಗೆ ಗಂಡಸು ನಡೆದರೆ ಅದು ವಾಕಿಂಗು, ಹೆಂಗಸು ನಡೆದರೆ ಅದು ತಿರುಗಾಟ. ಗಂಡಸಿಗೆ ಡಾಕ್ಟರು ಹೇಳಿದರೆ ಮನೆಯವರೆಲ್ಲ ಸೇರಿ ಬೂಟು ಕೊಡಿಸುತ್ತಾರೆ. ಅದೇ ಮಾತನ್ನು ಅದೇ ಡಾಕ್ಟರು ಅವನ ಹೆಂಡತಿಗೆ ಹೇಳಿದರೆ, "ಮನೆ ಕೆಲಸ ಮಾಡ್ತಾಳಲ್ಲ, ಅದೇ ಸಾಕು" ಎಂದು ಚೀಟಿ ಮಡಚಿಡುತ್ತಾರೆ. ಹೆಣ್ಣು-ಗಂಡು ಭೇದ ಅಳಿಸಿದ ಧರ್ಮ ನಮ್ಮದು ಎಂದು ವೇದಿಕೆ ಮೇಲೆ ಗಂಟೆಗಟ್ಟಲೆ ಮಾತಾಡುವ ನಾವು, ಈ ಕಾನೂನನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದೇವೆ.

ನಾನು ಸರ್ಕಾರಿ ಸೇವೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತನಾದವನು. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಲ್ಲಿ ನೆಲೆಸಿದ ಮೇಲೆ, ಬೆಳಗಿನ ಹೊತ್ತು ಮೂರು ನಾಲ್ಕು ಜನ ಗೆಳೆಯರೊಂದಿಗೆ ರೈಲ್ವೆ ಸ್ಟೇಷನ್ ಕಡೆಗೆ ನಡೆಯುವುದು ರೂಢಿ. ನಮ್ಮನ್ನು ಯಾರೂ "ಎಲ್ಲಿಗೆ?" ಎಂದು ಕೇಳುವುದಿಲ್ಲ. ಒಂದು ಶಿವಾನುಭವ ಗೋಷ್ಠಿಯಲ್ಲಿ ಆರೋಗ್ಯದ ಮಾತು ಬಂದ ಮೇಲೆ ಹತ್ತು ಹನ್ನೆರಡು ಹೆಣ್ಣುಮಕ್ಕಳೂ ಕೂಡಿ ನಡೆಯಲು ಶುರು ಮಾಡಿದರು. ಅವರಿಗೆ ಮೂಲೆ ಮೂಲೆಯಲ್ಲೂ ಪ್ರಶ್ನೆ. "ಎಲ್ಲಿಗ್ರವ್ವಾ ದಂಡು ಹೊರಟಿದ್ದು?" "ಮನೇಲಿ ಕೆಲ್ಸ ಇಲ್ವೇನ್ರಮ್ಮ?" ಎರಡು ತಿಂಗಳಾಗುವಷ್ಟರಲ್ಲಿ ಹನ್ನೆರಡು ಜನ ನಾಲ್ಕಾದರು. ಅವರ ಕಾಲು ಸೋತಿರಲಿಲ್ಲ. ಊರ ಬಾಯಿ ಅವರನ್ನು ಮನೆಗೆ ಕಳಿಸಿತ್ತು.

ಇದು ನಮ್ಮೊಂದು ಊರಿನ ಕಥೆಯಲ್ಲ. ಆದ್ದರಿಂದ ಈ ಊರ ಬಾಯಿ ಹೇಳುವ ಒಂದೊಂದು ಮಾತನ್ನೂ ತೂಗಿ ನೋಡೋಣ.

ಮೊದಲ ಮಾತು: "ನಮ್ಮ ಹೆಣ್ಣುಮಕ್ಕಳು ಹೊಲ-ಮನೆ ದುಡಿಯುತ್ತಾರೆ. ಅವರಿಗೆ ಬೇರೆ ವ್ಯಾಯಾಮ ಯಾಕೆ?"

ದುಡಿಯುತ್ತಾರೆ, ನಿಜ. ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದ ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಣ್ಣುಮಕ್ಕಳು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಅದರಲ್ಲಿ ಕೈಹಾಕುವ ಗಂಡಸರು ಕೊಡುತ್ತಿದ್ದುದು 97 ನಿಮಿಷ, ಕೈಹಾಕುತ್ತಿದ್ದವರೂ ನೂರಕ್ಕೆ 26 ಜನ ಮಾತ್ರ. ಕೆಲಸ ಯಾರದು ಹೆಚ್ಚು ಎಂಬುದರಲ್ಲಿ ಜಗಳವೇ ಇಲ್ಲ. ಆದರೆ ಆ ಕೆಲಸ ಯಾವ ಬಗೆಯದು ಎಂದು ನೋಡಬೇಕು.

ನಮ್ಮ ಅಜ್ಜಿಯರು ರಾಗಿ ಬೀಸಿದರು, ಭತ್ತ ಕುಟ್ಟಿದರು, ಸೇದೋ ಬಾವಿಯಿಂದ ನೀರು ಹೊತ್ತರು, ಬುತ್ತಿ ಹೊತ್ತು ಹೊಲಕ್ಕೆ ನಡೆದರು. ಈಗ ಗಿರಣಿ ಬಂದಿದೆ, ಮಿಕ್ಸಿ ಬಂದಿದೆ, ಮನೆ ಮುಂದೆ ನಲ್ಲಿ ಬಂದಿದೆ, ಹೊಲಕ್ಕೆ ಹೋಗಲು ಮಗನ ಬೈಕಿದೆ. ಇವೆಲ್ಲ ಬಂದಿದ್ದು ಒಳ್ಳೆಯದೇ. ಯಾರೂ ಬೀಸುಕಲ್ಲಿಗೆ ಮರಳಬೇಕಿಲ್ಲ. ಆದರೆ ಕೆಲಸದಿಂದ ನಡಿಗೆ ಹೋಯಿತು, ನಿಲ್ಲುವುದು ಕೂರುವುದು ಮಾತ್ರ ಉಳಿಯಿತು. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಸೀಮೆಯಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ ಬಂದು ನೋಡಿ. ಹೆಣ್ಣುಮಕ್ಕಳು ಗಂಟೆಗಟ್ಟಲೆ ಒಂದೇ ಕಡೆ ಕೂತು ಸುಲಿಯುತ್ತಾರೆ. ಬೆರಳು ದುಡಿಯುತ್ತದೆ, ಸೊಂಟ ಹಿಡಿಯುತ್ತದೆ, ಕಾಲು ಜೋಮು ಹಿಡಿಯುತ್ತದೆ. ಸಂಜೆಗೆ ದಣಿವೇನೋ ಬೆಟ್ಟದಷ್ಟು. ಹೃದಯಕ್ಕೆ ಮಾತ್ರ ವ್ಯಾಯಾಮ ಆಗಿರುವುದಿಲ್ಲ. ದಣಿವು ಬೇರೆ, ವ್ಯಾಯಾಮ ಬೇರೆ.

ಈ ವ್ಯತ್ಯಾಸವನ್ನು ಮೊದಲು ಅಳೆದು ತೋರಿಸಿದವರು ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್. ಅಲ್ಲಿನ ಎರಡಂತಸ್ತಿನ ಬಸ್ಸುಗಳ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿ 1953ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಇಂದಿಗೂ ಪ್ರಸಿದ್ಧ. ಒಂದೇ ಬಸ್ಸು, ಒಂದೇ ಪಾಳಿ. ಕೂತೇ ಇದ್ದ ಡ್ರೈವರುಗಳಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿದ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ನಮ್ಮ ಮನೆಗಳಲ್ಲಿ ಈಗ ಹೆಣ್ಣುಮಕ್ಕಳನ್ನು ನಾವು ಕೂರಿಸಿರುವುದು ಡ್ರೈವರ್ ಸೀಟಿನಲ್ಲಿ. ಸ್ಟೇರಿಂಗು ಮಾತ್ರ ಕೊಟ್ಟಿಲ್ಲ.

ಲೆಕ್ಕವೂ ಇದನ್ನೇ ಹೇಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 31.5 ಕೋಟಿ ಜನರಿಗೆ ರಕ್ತದೊತ್ತಡ. ವಿಶ್ವ ಆರೋಗ್ಯ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲದವರು ಭಾರತದ ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57. "ನಮ್ಮ ಹೆಂಗಸರು ದುಡಿಯುತ್ತಾರೆ, ಅವರಿಗೇನು" ಎನ್ನುವವರು ಈ 57ಕ್ಕೆ ಉತ್ತರ ಹೇಳಲಿ.

ಬೇಕಾದಷ್ಟು ಎಂದರೆ ಎಷ್ಟು? ವಾರಕ್ಕೆ 150 ನಿಮಿಷ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ. ಬಿರುಸಾಗಿ ನಡೆಯಬೇಕು. ಅಳತೆಗೆ ಯಂತ್ರ ಬೇಕಿಲ್ಲ: ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಆದ್ದರಿಂದ ವಚನ ಗಾಯನವನ್ನು ನಡಿಗೆ ಮುಗಿದ ಮೇಲೆ ಕೂತು ಮಾಡಿರಿ. ಬೆಳಿಗ್ಗೆ ಆಗದವರು ಊಟವಾದ ಮೇಲೆ ಹತ್ತು ಹತ್ತು ನಿಮಿಷ ನಡೆದರೂ ಪ್ರಯೋಜನವಿದೆ. ನ್ಯೂಜಿಲೆಂಡಿನಲ್ಲಿ ಸಕ್ಕರೆ ಕಾಯಿಲೆಯವರನ್ನು ಪರೀಕ್ಷಿಸಿದಾಗ, ದಿನಕ್ಕೊಮ್ಮೆ ಯಾವಾಗಲಾದರೂ ಅರ್ಧ ಗಂಟೆ ನಡೆದವರಿಗಿಂತ ಮೂರು ಹೊತ್ತಿನ ಊಟದ ನಂತರ ಹತ್ತು ಹತ್ತು ನಿಮಿಷ ನಡೆದಾಗ ಊಟದ ಬಳಿಕದ ಸಕ್ಕರೆ ಹೆಚ್ಚು ಹತೋಟಿಯಲ್ಲಿತ್ತು. ಕಾರಣ ಸರಳ. ಕಾಲಿನ ಸ್ನಾಯುಗಳು ದುಡಿಯುವಾಗ ರಕ್ತದಲ್ಲಿರುವ ಸಕ್ಕರೆಯನ್ನು ತಾವೇ ಎಳೆದುಕೊಳ್ಳುತ್ತವೆ. ಮೀನಖಂಡ ಒಂದು ಪಂಪಿನಂತೆ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಮುಟ್ಟು ನಿಂತ ಮೇಲೆ ಹೆಣ್ಣಿನ ಮೂಳೆ ಸವೆಯುವುದು ಬೇಗ. ಭಾರ ಹೊತ್ತು ನಡೆಯುವ ಮೂಳೆ ಗಟ್ಟಿತನ ಉಳಿಸಿಕೊಳ್ಳುತ್ತದೆ.

ಎರಡನೆಯ ಮಾತು: "ನಡೆಯುವುದೇ ಆದರೆ ಒಬ್ಬೊಬ್ಬರೇ ನಡೆಯಲಿ, ಗುಂಪು ಯಾಕೆ?"

ಒಬ್ಬೊಬ್ಬರೇ ನಡೆಯುವ ಊರನ್ನು ನಾವು ಕಟ್ಟಿದ್ದೇವೆಯೇ? ಮಾರುಕಟ್ಟೆಗೆ, ಆಸ್ಪತ್ರೆಗೆ, ಊರಾಚೆಗೆ, ಈ ಮೂರು ಕಡೆಗೂ ಒಬ್ಬಳೇ ಹೋಗಲು ಮನೆಯಲ್ಲಿ ಬಿಡುತ್ತಾರೆ ಎಂದವರು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 42 ಹೆಣ್ಣುಮಕ್ಕಳು ಮಾತ್ರ. ಮಸುಕು ಬೆಳಕಿನಲ್ಲಿ ಬೀದಿ ನಾಯಿಗೂ ಕುಡುಕನಿಗೂ ಒಂಟಿ ಹೆಣ್ಣು ಹೆದರುತ್ತಾಳೆ, ಹತ್ತು ಜನರಾದರೆ ಅವರೇ ಹೆದರುತ್ತಾರೆ. ಗುಂಪಿಗೆ ಇನ್ನೊಂದು ಗುಣವಿದೆ. ಒಬ್ಬಳೇ ನಡೆಯುವವಳು ಮಳೆ ಬಂದರೆ, ನೆಂಟರು ಬಂದರೆ ಬಿಡುತ್ತಾಳೆ. ಹೊರಗೆ ನಾಲ್ಕು ಜನ "ಬಾರೇ ಗಿರಿಜಕ್ಕಾ" ಎಂದು ಕೂಗಿದರೆ ಬಿಡಲಾಗುವುದಿಲ್ಲ.

ಇದು ನನ್ನ ಊಹೆಯಲ್ಲ. ಬ್ರಿಟನ್ನಿನ ಸಂಶೋಧಕರಿಬ್ಬರು ಗುಂಪು ನಡಿಗೆಯ ಮೇಲೆ ಅದುವರೆಗೆ ನಡೆದ 42 ಅಧ್ಯಯನಗಳನ್ನು, ಅಂದರೆ 1,843 ಜನರ ವಿವರವನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದರು. ಗುಂಪಿನಲ್ಲಿ ನಡೆದವರ ರಕ್ತದೊತ್ತಡ ಇಳಿದಿತ್ತು, ವಿಶ್ರಾಂತಿಯಲ್ಲಿನ ನಾಡಿಬಡಿತ ಇಳಿದಿತ್ತು, ಮೈಕೊಬ್ಬು ಕರಗಿತ್ತು, ಖಿನ್ನತೆ ಕಡಿಮೆಯಾಗಿತ್ತು. ಹಾನಿ ಎನ್ನುವಂಥದ್ದು ತೀರಾ ಕಡಿಮೆ, ನಡುವೆ ಬಿಟ್ಟುಹೋದವರೂ ಕಡಿಮೆ. ಖಿನ್ನತೆಯ ಮಾತನ್ನು ಇನ್ನೊಮ್ಮೆ ಓದಿ. ಗಂಡ ಸತ್ತ ಮೇಲೆ ಹಿತ್ತಲ ಕೋಣೆ ಸೇರಿದ ಅಜ್ಜಿ, ಸಾಲದ ಮನೆಗೆ ಬಂದ ಸೊಸೆ, ಮಕ್ಕಳೆಲ್ಲ ಬೆಂಗಳೂರು ಸೇರಿ ಒಂಟಿಯಾದ ತಾಯಿ, ಇವರೆಲ್ಲ ಮನಸ್ಸಿನ ಮಾತನ್ನು ಎಲ್ಲಿ ಹೇಳಿಕೊಳ್ಳಬೇಕು? ಕೂಡಿ ಕೂತು ಅನುಭವ ಹಂಚಿಕೊಳ್ಳುವುದನ್ನೇ ಧರ್ಮದ ನಡುಮನೆಯಲ್ಲಿಟ್ಟವರು ನಮ್ಮ ಶರಣರು. ಕೂಡಿ ನಡೆಯುತ್ತ ಹಂಚಿಕೊಂಡರೆ ತಪ್ಪೇನು?

ಮೂರನೆಯ ಮಾತು: "ಮನೆತನದ ಮರ್ಯಾದೆ."

ಇದಕ್ಕೆ ಸ್ವಲ್ಪ ಖಾರವಾಗಿಯೇ ಉತ್ತರ ಕೊಡಬೇಕು. ಮನೆಯಲ್ಲಿ ಶೌಚಾಲಯ ಇಲ್ಲದ ಕಾಲದಲ್ಲಿ ಇದೇ ಹೆಣ್ಣುಮಕ್ಕಳು ಚೆಂಬು ಹಿಡಿದು ನಸುಕಿನ ಕತ್ತಲಲ್ಲಿ ಗುಂಪಾಗಿ ಬಯಲಿಗೆ ನಡೆದರು. ಹಾವು ಚೇಳಿನ ನಡುವೆ, ಬಸ್ಸಿನ ದೀಪ ಬಿದ್ದಾಗ ಎದ್ದು ನಿಂತು, ಮುಖ ಮುಚ್ಚಿಕೊಂಡು. ಆಗ ಮನೆತನದ ಮರ್ಯಾದೆ ಹೋಗಲಿಲ್ಲ. ಆ ನಡಿಗೆ ನಮ್ಮ ನಾಚಿಕೆಗೇಡಾಗಿತ್ತು. ಅದು ನಿಂತಿದ್ದು ದೊಡ್ಡ ಒಳ್ಳೆಯ ಕೆಲಸ. ಅವಳು ಈಗ ಬೆಳಕಿನಲ್ಲಿ, ತಲೆ ಎತ್ತಿ, ತನ್ನ ಆರೋಗ್ಯಕ್ಕಾಗಿ ನಡೆದರೆ ಮಾತ್ರ ಮರ್ಯಾದೆ ಹೋಗುತ್ತದೆ ಎನ್ನುವವರ ಮರ್ಯಾದೆ ಎಂಥದ್ದು?

ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನೂರಾರು ಮೈಲಿ ನಡೆದ ಅಕ್ಕಮಹಾದೇವಿಯ ಭಾವಚಿತ್ರ ನಮ್ಮ ಮನೆಗಳ ಪಡಸಾಲೆಯಲ್ಲಿದೆ. ಯಾರ ಅಪ್ಪಣೆ ಪಡೆದು ಆ ತಾಯಿ ನಡೆದಳು? ಸತ್ಯಕ್ಕನ ಕಾಯಕ ಬೀದಿ ಗುಡಿಸುವುದು. ಆಯ್ದಕ್ಕಿ ಲಕ್ಕಮ್ಮನ ಮನೆಯ ಕಾಯಕ ಬಿದ್ದ ಅಕ್ಕಿಯನ್ನು ಆಯುವುದು. ಬೀದಿಯೇ ಇವರ ಕಾಯಕದ ನೆಲ. ಚಿತ್ರಕ್ಕೆ ಹೂವು, ಮನೆಯ ಅಕ್ಕನಿಗೆ ಬಾಗಿಲು ಎಂದರೆ ಇದು ಎಂಥ ಬಸವತತ್ತ್ವ?

ನಮ್ಮ ಸಮಾಜಕ್ಕೆ ನಡಿಗೆ ಹೊಸದೇನೂ ಅಲ್ಲ. 2021ರಲ್ಲಿ ಮೀಸಲಾತಿ ಕೇಳಿಕೊಂಡು ಕೂಡಲಸಂಗಮದಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಯಿತು. ತರಳಬಾಳು ಹುಣ್ಣಿಮೆ ವರ್ಷಕ್ಕೊಂದು ಊರಿಗೆ ಹೋಗುತ್ತದೆ. ಸಾಣೇಹಳ್ಳಿಯಲ್ಲಿ ನಾಟಕವನ್ನು ಊರೂರಿಗೆ ಒಯ್ಯಲು ಕಟ್ಟಿದ ತಂಡದ ಹೆಸರೇ ಶಿವಸಂಚಾರ. ಜಂಗಮ ಎಂಬ ಮಾತಿನ ಅರ್ಥವೇ ಚಲಿಸುವುದು. ಸರ್ಕಾರದ ಮುಂದೆ ಬೇಡಿಕೆಗಾಗಿ ರಾಜ್ಯದ ಉದ್ದಗಲ ನಡೆಯಬಲ್ಲ ಸಮಾಜ, ತನ್ನ ತಾಯಂದಿರ ಹೃದಯಕ್ಕಾಗಿ ಊರ ಹೊರಗಿನ ಒಂದು ಮೈಲಿಯನ್ನು ಬಿಟ್ಟುಕೊಡಲಾರದೆ?

ನಾಲ್ಕನೆಯ ಮಾತು ಪಿಸುಮಾತು: "ಆ ದಿನಗಳಲ್ಲಿ ಹೊರಗೆ ಹೋಗಬಾರದು."

ಜನನ, ಮರಣ, ಜಾತಿ, ಎಂಜಲು, ರಜಸ್ಸು, ಈ ಐದು ಸೂತಕವನ್ನೂ ಶರಣರು ಎಂಟುನೂರು ವರ್ಷಗಳ ಹಿಂದೆಯೇ ತಳ್ಳಿಹಾಕಿದರು. ಲಿಂಗ ಕಟ್ಟಿಕೊಂಡ ಮೈಗೆ ಮುಟ್ಟಿನ ಮೈಲಿಗೆ ಎಲ್ಲಿಂದ ಬಂತು? ಹೊಟ್ಟೆನೋವು ಹೆಚ್ಚಿದ್ದರೆ ಅವಳೇ ವಿಶ್ರಾಂತಿ ತೆಗೆದುಕೊಳ್ಳುತ್ತಾಳೆ. ಇಲ್ಲದಿದ್ದರೆ ನಡೆಯುತ್ತಾಳೆ. ಅದನ್ನು ತೀರ್ಮಾನಿಸುವವಳು ಅವಳೇ.

ನಡಿಗೆ ಎಲ್ಲ ರೋಗಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಕಂಡಿದೆ. ಅಂಥವರಿಗೆ ಮೊದಲು ಊಟ ಮತ್ತು ಕಬ್ಬಿಣದ ಮಾತ್ರೆ, ಆಮೇಲೆ ಬಿರುಸಿನ ನಡಿಗೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಹೊರಡಬೇಕು, ಸೆರಗಿನಲ್ಲಿ ಒಂದು ಚೂರು ಬೆಲ್ಲ ಇರಲಿ. ನಡೆಯುವಾಗ ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲೇ ಕೂತುಬಿಡಬೇಕು, ಮತ್ತೆ ಆಸ್ಪತ್ರೆಗೆ. ಗರ್ಭಿಣಿಯರು ತಮ್ಮ ವೈದ್ಯೆಯ ಮಾತಿನಂತೆ ನಡೆಯಲಿ. ಭಕ್ತಿಯೆಂದು ಬರಿಗಾಲಲ್ಲಿ ನಡೆಯುವುದು ಸಕ್ಕರೆ ಕಾಯಿಲೆಯ ಕಾಲಿಗೆ ಅಪಾಯ. ಸ್ಪರ್ಶ ಗೊತ್ತಾಗದ ಪಾದಕ್ಕೆ ಹೊಕ್ಕ ಜಾಲಿಮುಳ್ಳು ಬೆರಳನ್ನೇ ತೆಗೆಯುವ ತನಕ ಹೋದೀತು. ಸೀರೆಗೆ ಬೂಟು ಹಾಕಿದರೆ ನಗುವವರು ನಗಲಿ, ಪಾದ ನಗುವವರದಲ್ಲ.

ಇನ್ನು ನನ್ನ ವೃತ್ತಿಯ ಮಾತು. ರಸ್ತೆಯ ಮೇಲಿನ ಸಂಚಾರ ಅಳೆಯಲು ಇಂಜಿನಿಯರುಗಳಲ್ಲಿ ಒಂದು ಪಟ್ಟಿಯಿದೆ. ಕಾರನ್ನು ಒಂದು ಎಂದು ಹಿಡಿದರೆ ಸೈಕಲ್ಲಿಗೆ ಅರ್ಧ, ಲಾರಿಗೆ ಮೂರು, ಎತ್ತಿನ ಗಾಡಿಗೆ ಎಂಟು. ನಡೆಯುವ ಮನುಷ್ಯನಿಗೆ ಅದರಲ್ಲಿ ಅಂಕಿಯೇ ಇಲ್ಲ. ಲೆಕ್ಕದಲ್ಲಿ ಇಲ್ಲದವರಿಗೆ ರಸ್ತೆಯಲ್ಲೂ ಜಾಗವಿಲ್ಲ. ನಮ್ಮ ಹಳ್ಳಿ ರಸ್ತೆಗಳ ಡಾಂಬರಿನ ಅಗಲ ಹೆಚ್ಚೆಂದರೆ 3.75 ಮೀಟರ್. ಎರಡೂ ಬದಿಯ ಶೋಲ್ಡರನ್ನು ಬಳ್ಳಾರಿ ಜಾಲಿ ನುಂಗಿದೆ. ಮೆಕ್ಕೆಜೋಳದ ಲಾರಿ ಒಂದು ಕಡೆಯಿಂದ, ಟ್ರ್ಯಾಕ್ಟರು ಇನ್ನೊಂದು ಕಡೆಯಿಂದ ಬಂದರೆ ನಡೆಯುವವರು ಮುಳ್ಳಿಗೆ ಹಾರಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಪಾದಚಾರಿ ಮಾರ್ಗ ಕನಿಷ್ಠ 1.8 ಮೀಟರ್ ಅಗಲ ಇರಬೇಕೆಂದಿದೆ. ಇಬ್ಬರು ಅಕ್ಕಪಕ್ಕ ಆರಾಮಾಗಿ ನಡೆಯುವಷ್ಟು. ಅದನ್ನು ಹಳ್ಳಿಗೂ ಕೇಳಬೇಕು.

ಅಷ್ಟು ದುಡ್ಡಿಲ್ಲ ಎನ್ನುವ ಪಂಚಾಯ್ತಿಗೆ ಕಡಿಮೆ ಖರ್ಚಿನ ದಾರಿ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಕೆರೆಗಳಿಗೆ ಬರವಿಲ್ಲ. ಕೆರೆ ಏರಿಯ ಮೇಲೆ ಬೆಳೆದ ಜಾಲಿಯನ್ನು ತೆಗೆಸಿ, ಮೇಲ್ಭಾಗ ಮಟ್ಟ ಮಾಡಿಸಿ, ಗರಸು ಹಾಸಿ ಕುಟ್ಟಿಸಿ. ಕಾಂಕ್ರೀಟು ಬೇಡ, ಮಂಡಿಗೆ ಗರಸೇ ಹಿತ. ಏರಿಯ ಮಣ್ಣಿಗೆ ಜಾಲಿಯ ಬೇರು ಶತ್ರು. ಬೇರು ಇಳಿದ ಕಡೆ ನೀರು ಜಿನುಗುತ್ತದೆ. ಆದ್ದರಿಂದ ಇಲಾಖೆಯವರನ್ನು ಕೇಳಿ ಮಾಡಿಸಿದರೆ ಕೆರೆಗೂ ಒಳ್ಳೆಯದು, ಅಕ್ಕಂದಿರಿಗೂ ಒಳ್ಳೆಯದು. ನಾಲ್ಕು ಸೋಲಾರ್ ದೀಪ, ನಡುವೆ ಎರಡು ಕಲ್ಲುಬೆಂಚು ಸಾಕು. ಅದಾಗುವ ತನಕ ರಸ್ತೆಯಲ್ಲೇ ನಡೆಯುವವರು ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ, ಸಾಲಾಗಿ ನಡೆಯಲಿ.

ಆದರೆ ರಸ್ತೆಗಿಂತ ದೊಡ್ಡ ಅಡ್ಡಿ ಮನೆಯೊಳಗಿದೆ. ಬೆಳಗಿನ ಆರರಿಂದ ಏಳು ಯಾರ ಗಂಟೆ? ಟೀ ಕಾಯಿಸುವುದು, ಮಕ್ಕಳ ಬುತ್ತಿ, ಹಸುವಿನ ಹಾಲು, ಎಲ್ಲವೂ ಆ ಹೊತ್ತಿಗೇ. ಈಗ ನಡೆಯಲು ಬರುವ ಅಕ್ಕಂದಿರಲ್ಲಿ ಹೆಚ್ಚಿನವರು ಐವತ್ತು ದಾಟಿದವರು. ಅತ್ತೆ ನಡೆಯಲು ಸೊಸೆ ಒಲೆ ಮುಂದೆ ನಿಲ್ಲುತ್ತಾಳೆ. ಇದು ಸುಧಾರಣೆಯಲ್ಲ, ಭಾರವನ್ನು ಒಬ್ಬಳ ಹೆಗಲಿನಿಂದ ಇನ್ನೊಬ್ಬಳ ಹೆಗಲಿಗೆ ಬದಲಿಸಿದ್ದು ಅಷ್ಟೇ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದ ಮೇಲೆ ಒಲೆಯ ಕಾಯಕಕ್ಕೆ ಗಂಡಸು ಕೀಳಾಗುವುದು ಹೇಗೆ? ಗಂಡ ಒಂದು ಗಂಟೆ ಟೀ ಕಾಯಿಸಲಿ, ಮಗ ಬುತ್ತಿ ಕಟ್ಟಲಿ. ಅತ್ತೆ ಸೊಸೆ ಇಬ್ಬರೂ ನಡೆಯಲಿ.

ಕೊನೆಯದಾಗಿ ನಮ್ಮ ಮಠಗಳಿಗೂ ಅಕ್ಕನ ಬಳಗಗಳಿಗೂ ನನ್ನ ವಿನಂತಿ. ದಯವಿಟ್ಟು ಇದಕ್ಕೆ ಉದ್ಘಾಟನೆ, ಬ್ಯಾನರು, ಶಾಲು, ಸನ್ಮಾನ ಬೇಡ. ಉದ್ಘಾಟನೆಯಾದ ಮರುವಾರ ನಿಂತುಹೋದ ಕಾರ್ಯಕ್ರಮಗಳು ನಮ್ಮಲ್ಲಿ ಸಾಕಷ್ಟಿವೆ. ಪೂಜ್ಯರು ಪ್ರತಿ ಆಶೀರ್ವಚನದಲ್ಲೂ ಒಂದೇ ಒಂದು ವಾಕ್ಯ ಹೇಳಲಿ: "ಹೆಣ್ಣುಮಕ್ಕಳು ನಡೆಯಲಿ, ಯಾರೂ ಅಣಕಿಸಬೇಡಿ." ಊರ ಬಾಯಿ ಮುಚ್ಚಿಸಲು ನಮ್ಮ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಬೀಗವಿಲ್ಲ. ಮಠದ ಆವರಣವನ್ನು ಬೆಳಿಗ್ಗೆ ಸಂಜೆ ಅವರಿಗೆ ತೆರೆದಿಡಲಿ. ತಿಂಗಳ ಶಿವಾನುಭವ ಗೋಷ್ಠಿಯ ದಿನ ಆರೋಗ್ಯ ಕಾರ್ಯಕರ್ತೆಯನ್ನು ಕರೆದು ರಕ್ತದೊತ್ತಡ, ಸಕ್ಕರೆ ನೋಡಿಸಲಿ. ಗ್ರಾಮಸಭೆಯಲ್ಲಿ ದಾರಿ-ದೀಪದ ಬೇಡಿಕೆಯನ್ನು ಅಕ್ಕನ ಬಳಗದವರೇ ಬರೆದು ಕೊಡಲಿ, ಅರ್ಜಿಗೆ ಅಂದಾಜು ಪಟ್ಟಿ ಬೇಕಾದರೆ ನನ್ನಂಥ ನಿವೃತ್ತರು ಮಾಡಿಕೊಡುತ್ತೇವೆ.

ಒಂದು ಮಾತು ಎಲ್ಲಕ್ಕಿಂತ ಮುಖ್ಯ. ಈ ಗುಂಪು ನಮ್ಮ ಓಣಿಯ ಗುಂಪಾಗಿ ಮುಗಿಯಬಾರದು. ಊರ ತುದಿಯ ಕಾಲೋನಿಯ ಹೆಣ್ಣುಮಕ್ಕಳಿಗೂ ಹೃದಯ, ಮಂಡಿ, ಸಕ್ಕರೆ ಇರುವುದು ನಮ್ಮಂತೆಯೇ. ಅವರನ್ನು ಬಿಟ್ಟು ನಡೆದರೆ ಅದು ಜಾತಿಯ ಮೆರವಣಿಗೆಯಾದೀತು, ಶರಣರ ನಡಿಗೆಯಾಗದು. ಗುಂಪು ಕಾಲೋನಿಯ ಬೀದಿಯಿಂದ ಹೊರಡಲಿ, ಅಲ್ಲಿನ ಅಕ್ಕಂದಿರನ್ನು ಹೆಸರು ಹಿಡಿದು ಕರೆಯಲಿ, ಮರಳಿ ಬಂದ ಮೇಲೆ ಒಂದೇ ಕಟ್ಟೆಯ ಮೇಲೆ ಕೂತು ಒಂದೇ ತಂಬಿಗೆಯ ನೀರು ಕುಡಿಯಲಿ. ಹರಳಯ್ಯ-ಮಧುವರಸರ ಹೆಸರು ಹೇಳುವ ಅಧಿಕಾರ ನಮಗೆ ಉಳಿಯುವುದು ಆಗ.

ಮುಂದಿನ ತಿಂಗಳ ಗೋಷ್ಠಿಗೆ ಮುನ್ನ ನಿಮ್ಮ ಊರಿನಲ್ಲಿ ಐದು ಜನ ಅಕ್ಕಂದಿರು ಹೊರಡಲಿ. ಯಾರಾದರೂ "ಎಲ್ಲಿಗ್ರವ್ವಾ?" ಎಂದರೆ, "ನೂರು ವರ್ಷ ಬದುಕೋಕೆ ಹೊರಟಿದ್ದೀವಿ, ನಿಮ್ಮನೆಯವರನ್ನೂ ಕಳ್ಸಿ" ಎನ್ನಲಿ. ಅಪ್ಪಣೆ ಕೇಳುವ ಕಾಲ ಹನ್ನೆರಡನೆಯ ಶತಮಾನದಲ್ಲೇ ಮುಗಿದಿದೆ.